ಮನೆ ಮುಂದೆ ಕಾಂಕ್ರೀಟ್ ಅಂಗಳ: ಎರಡು ಸಲ ಹಾಕಿ ಕಲಿತಿದ್ದು

ನಮ್ಮೂರು ಚನ್ನರಾಯಪಟ್ಟಣದ ಕಡೆ. ಮನೆ ಮುಂದಿನ ಅಂಗಳಕ್ಕೆ ನಾನು ಕಾಂಕ್ರೀಟ್ ಎರಡು ಸಲ ಹಾಕ್ಸಿದೀನಿ, ಎರಡೂ ಸಲ ಅದೇ ಜಾಗಕ್ಕೆ. ಮೊದಲನೇದು ಮೂರನೇ ಮಳೆಗಾಲಕ್ಕೇ ಬಾಯಿ ಬಿಡ್ತು, ಗೇಟ್ ಹತ್ರ ಕಾರಿನ ಚಕ್ರ ಹತ್ತೋ ಮೂಲೆ ಮುರಿದು ಕೂತ್ಕೊಂತು, ಉಳಿದ ಕಡೆ ಮೇಲೆಲ್ಲ ಪುಡಿ ಪುಡಿ, ಅಮ್ಮ ರಾಗಿ ಒಣಗಾಕಿ ಸಂಜೆ ಗುಡಿಸಿದ್ರೆ ರಾಗಿ ಜತೆ ಸಿಮೆಂಟ್ ಧೂಳೂ ಮೊರಕ್ಕೆ ಬರೋದು. ಕೊನೆಗೆ ಬೇಜಾರಾಗಿ ಒಡೆಸಿದ್ವಿ. ಒಡೆದಾಗ ಗೊತ್ತಾಯ್ತು, ಒಂದು ಕಡೆ 5 ಇಂಚು ದಪ್ಪ ಇದ್ರೆ ಇನ್ನೊಂದು ಕಡೆ ಎರಡೂವರೆ ಇಂಚೂ ಇಲ್ಲ, ಮೂಲೆ ಕೆಳಗೆ ಮಣ್ಣು ಕೊಚ್ಚಿಹೋಗಿ ಕೈ ಹಾಕೋವಷ್ಟು ಟೊಳ್ಳು, ಕಂಬಿ ಹಾಕಿದ್ವಲ್ಲ ಅದು ಪೂರ್ತಿ ತಳದಲ್ಲಿ ಮಣ್ಣಿಗೆ ಅಂಟ್ಕೊಂಡು ತುಕ್ಕು ಹಿಡಿದಿತ್ತು.

ಸುತ್ತಿ ಬಳಸಿ ನೋಡಿದ್ರೆ ಆ ಎಲ್ಲಾ ತಪ್ಪಲ್ಲೂ ನೀರಿನ ಪಾಲಿತ್ತು. ಕೆಳಗೆ ನಿಲ್ಲಬಾರದ ಕಡೆ ನಿಂತಿತ್ತು, ಕಲಸೋವಾಗ ಬೇಕಾದ್ದಕ್ಕಿಂತ ಜಾಸ್ತಿ ಬಿದ್ದಿತ್ತು, ಹಾಕಿ ಮುಗಿದ ಮೇಲೆ ಕುಡಿಸ್ಬೇಕಾದಾಗ ಕುಡಿಸಿರ್ಲಿಲ್ಲ. ಎರಡನೇ ಸಲ ಈ ಮೂರನ್ನೂ ಸರಿಮಾಡಿದ್ವಿ, ಇವತ್ತಿಗೂ ಗಟ್ಟಿಯಾಗಿದೆ. ಹೇಗೆ ಮಾಡಿದ್ವಿ ಅಂತ ಮೊದಲಿಂದ ಹೇಳ್ತೀನಿ. ಇದು ನೆಲದ ಮೇಲೆ ಕೂರೋ ಅಂಗಳಕ್ಕೆ ಮಾತ್ರ ಆಯ್ತಾ, ತಾರಸಿಗಲ್ಲ. ಕಾರ್ ನಿಲ್ಸೋ ಜಾಗದ ಕೆಳಗೆ ಸಂಪ್ ಇದ್ರೆ ಅದರ ಮುಚ್ಚಿಗೆಗೂ ಈ ಲೆಕ್ಕ ಹಾಕ್ಬೇಡಿ, ಅದು ಕೆಳಗೆ ಆಸರೆ ಇಲ್ಲದ ಸ್ಲ್ಯಾಬ್, ಒಬ್ಬ ಇಂಜಿನಿಯರ್ ಹತ್ರ ಕಂಬಿ ಲೆಕ್ಕ ಹಾಕ್ಸಿಯೇ ಮಾಡ್ಬೇಕು.

ಮೊದಲು ಅಳತೆ

ನಮ್ಮದು 20 ಅಡಿಗೆ 12 ಅಡಿ. ಓಡಾಡೋಕೆ, ಸ್ಕೂಟರ್ ನಿಲ್ಸೋಕೆ ಮಾತ್ರ ಅಂದ್ರೆ 4 ಇಂಚು ದಪ್ಪ ಸಾಕು, ಕಾರ್ ಬರತ್ತೆ ಅಂದ್ರೆ 5 ಇಂಚು ಮಾಡಿ, ತುಂಬಿದ ಟ್ರಾಕ್ಟರ್ ಟ್ರೈಲರ್ ಬರೋದಿದ್ರೆ 6ಕ್ಕಿಂತ ಕಮ್ಮಿ ಬೇಡ. ನಾವು 5 ಇಂಚು ಮಾಡಿದ್ವಿ, ಲೆಕ್ಕಾನೂ ಸುಲಭ, 20 ಗುಣಿಸು 12 ಅಂದ್ರೆ 240 ಚದರಡಿ, 5 ಇಂಚಿಗೆ ಸರಿಯಾಗಿ 100 ಘನ ಅಡಿ ಕಾಂಕ್ರೀಟ್.

ಇಳಿಜಾರು ಯಾವ ಕಡೆ ಅನ್ನೋದು ಈಗಲೇ ತೀರ್ಮಾನ ಆಗ್ಬೇಕು, ಕಾಂಕ್ರೀಟ್ ಬಂದ ದಿನ ಅಲ್ಲ. ಮನೆ ಗೋಡೆಯಿಂದ ಆಚೆಗೆ ಒಂದು ಅಡಿಗೆ ಕಾಲು ಇಂಚಿನಷ್ಟು ಇಳಿಸಿದ್ರೆ ನೀರು ನಿಲ್ಲಲ್ಲ, ಕಮ್ಮಿ ಅಂದ್ರೂ ಅರೆಕಾಲು ಇಂಚು ಇರ್ಲಿ. ನಮ್ಮದು 12 ಅಡಿ ಅಗಲಕ್ಕೆ 3 ಇಂಚು ಇಳಿಜಾರು, ನೀರೆಲ್ಲ ತೆಂಗಿನ ಮರದ ಪಾತಿಗೆ ಹೋಗತ್ತೆ. ಮರ ಅಂದ್ಮೇಲೆ ನೆನಪಾಯ್ತು, ಬುಡದ ಸುತ್ತ ಮೂರಡಿನಾದ್ರೂ ಬಿಡಿ, ಬುಡಕ್ಕೆ ಒತ್ತಿ ಕಾಂಕ್ರೀಟ್ ಹಾಕಿದ್ರೆ ಮರಕ್ಕೆ ನೀರು ಗಾಳಿ ಇಲ್ಲ, ಬೇರು ಎತ್ತಿದ್ರೆ ನಿಮ್ಮ ಕಾಂಕ್ರೀಟೂ ಇಲ್ಲ.

ಇನ್ನೊಂದು, ಮುಂದೆ ಯಾವತ್ತಾದ್ರೂ ಗೇಟ್‌ಗೆ ಲೈಟ್, ಬೋರಿನ ಕೇಬಲ್, ಗಿಡಕ್ಕೆ ನೀರಿನ ಪೈಪ್ ಬೇಕಾಗ್ಬಹುದು ಅನ್ಸಿದ್ರೆ ಎರಡು ಖಾಲಿ ಪಿವಿಸಿ ಪೈಪ್ ಅಡ್ಡಡ್ಡ ಹೂತು ಎರಡೂ ತುದಿಗೆ ಮುಚ್ಚಳ ಹಾಕಿಬಿಡಿ. ಈಗ ಪುಡಿಗಾಸಲ್ಲಿ ಆಗತ್ತೆ, ಆಮೇಲೆ ಕಾಂಕ್ರೀಟ್ ಕತ್ತರಿಸ್ಬೇಕಾಗತ್ತೆ.

ಕೆಳಗಿನ ಕೆಲಸ, ಇದಕ್ಕೇ ಜಾಸ್ತಿ ಬೆವರು

ಜನ ಕಾಂಕ್ರೀಟ್‌ಗೆ ದುಡ್ಡು ಸುರೀತಾರೆ, ಅದು ಕೂರೋ ನೆಲಕ್ಕೆ ಒಂದು ದಿನದ ಕೂಲಿ ಕೊಡೋಕೆ ಹಿಂದೆ ಮುಂದೆ ನೋಡ್ತಾರೆ. ನಾನೂ ಹಂಗೇ ಮಾಡಿದ್ದು. ಮೊದಲನೇ ಸಲ ಹುಲ್ಲು ಕೆತ್ತಿ, ಮೇಲೆ ಒಂದು ಪದರ ಮಣ್ಣು ಚೆಲ್ಲಿ, ಕಾಲಲ್ಲಿ ತುಳಿದು ಕಾಂಕ್ರೀಟ್ ಹಾಕಿಬಿಟ್ವಿ.

ಸರಿಯಾದ ದಾರಿ ಅಂದ್ರೆ ಮೇಲಿನ ಮೆತ್ತನೆ ಮಣ್ಣು, ಬೇರು, ಕಸ, ಹಳೇ ಪ್ಲಾಸ್ಟಿಕ್ಕು ಎಲ್ಲಾ ತೆಗೆದು ಗಟ್ಟಿ ಮಣ್ಣು ಸಿಗೋವರೆಗೂ ಕೆತ್ತಬೇಕು. ನಮ್ಮದು ಕೆಂಪು ಮಣ್ಣು, 10 ಇಂಚು ಕೆತ್ತಿದ್ಮೇಲೆ ಗಟ್ಟಿ ಸಿಕ್ತು. ಅಲ್ಲಿ ನೀರು ಚಿಮುಕಿಸಿ ದಿಮ್ಮಸು ಹಾಕಿ, ಅದರ ಮೇಲೆ 5 ಇಂಚು 40 ಎಂಎಂ ಜಲ್ಲಿ ಮತ್ತು ಕ್ರಷರ್ ಡಸ್ಟ್ ಬೆರೆಸಿ ಹಾಕಿದ್ವಿ, ಒಂದೇ ಸಲಕ್ಕೆ ಅಲ್ಲ, ಎರಡು ಪದರ, ಪ್ರತಿ ಪದರಕ್ಕೂ ನೀರು, ಪ್ರತಿ ಪದರಕ್ಕೂ ದಿಮ್ಮಸು. ಪ್ಲೇಟ್ ಕಂಪ್ಯಾಕ್ಟರ್ ಬಾಡಿಗೆಗೆ ಸಿಕ್ಕಿದ್ರೆ ಅರ್ಧ ದಿನಕ್ಕೆ ತಗೊಳಿ, ಕೈ ದಿಮ್ಮಸಿನ ಹತ್ತರಷ್ಟು ಕೆಲಸ ಮಾಡತ್ತೆ. ಪೂರ್ತಿ ಆದ್ಮೇಲೆ ಕಾರನ್ನೇ ಮೇಲೆ ಓಡಿಸಿ ನೋಡಿ, ಚಕ್ರದ ಗುರುತು ಕೂತ್ರೆ ಇನ್ನೂ ಆಗಿಲ್ಲ ಅಂತ ಅರ್ಥ.

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆ ಎರೆ ಮಣ್ಣಿನ ಜಾಗದವರು ಇಲ್ಲಿ ಸ್ವಲ್ಪ ನಿಲ್ಲಿ. ಎರೆ ಮಣ್ಣು ಮಳೆಗೆ ಉಬ್ಬತ್ತೆ, ಬೇಸಿಗೇಲಿ ಒಣಗಿ ಬಿರಿಯತ್ತೆ, ಮೇಲೆ ನೀವು ಎಂಥಾ ಕಾಂಕ್ರೀಟ್ ಹಾಕಿದ್ರೂ ಅದು ಎತ್ತಿ ಇಳಿಸಿ ಒಡೆದುಹಾಕತ್ತೆ. ಅಲ್ಲಿ ಕಮ್ಮಿ ಅಂದ್ರೂ ಒಂದೂವರೆ ಎರಡು ಅಡಿ ಎರೆ ತೆಗೆದು ಗ್ರಾವೆಲ್ ಮಣ್ಣು ತುಂಬಿಸಿ, ಪದರ ಪದರವಾಗಿ ದಿಮ್ಮಸು ಹಾಕ್ಬೇಕು, ಸುತ್ತಲಿಂದ ನೀರು ಒಳಗೆ ಇಳೀದಂಗೆ ಚರಂಡೀನೂ ಬೇಕು.

ಗೇಟ್ ಕಡೆ, ಚಕ್ರ ಹತ್ತೋ ಅಂಚಲ್ಲಿ, ಒಂದು ಅಡಿ ಅಗಲಕ್ಕೆ ಇನ್ನೂ 3 ಇಂಚು ಆಳ ತೆಗೀರಿ. ಅಲ್ಲಿ ಕಾಂಕ್ರೀಟ್ 8 ಇಂಚು ದಪ್ಪ ಕೂರತ್ತೆ. ನಮ್ಮ ಹಳೇದು ಮುರಿದಿದ್ದು ಸರಿಯಾಗಿ ಅಲ್ಲೇ.

ಹಲಗೆ, ದಾರ, ಕಂಬಿ

ಸುತ್ತ 5 ಇಂಚು ಅಗಲದ ಹಲಗೆ ನಿಲ್ಲಿಸಿ, ಎರಡೆರಡು ಅಡಿಗೆ ಗೂಟ ಹೊಡೀರಿ, ಒಳಮೈಗೆ ಹಳೇ ಇಂಜಿನ್ ಆಯಿಲ್ ಸವರಿದ್ರೆ ಆಮೇಲೆ ಸಲೀಸಾಗಿ ಬಿಡತ್ತೆ. ಮಟ್ಟ ಟ್ಯೂಬ್ ಲೆವೆಲ್ಲಲ್ಲೇ, ಅಂದ್ರೆ ನೀರು ತುಂಬಿದ ಪಾರದರ್ಶಕ ಪೈಪಲ್ಲೇ ನೋಡಿ, ರಸಮಟ್ಟ ಇಷ್ಟು ಉದ್ದಕ್ಕೆ ನಂಬೋಕಾಗಲ್ಲ. ಇಳಿಜಾರು ಹಲಗೆಯಲ್ಲೇ ಕೂತಿರ್ಬೇಕು. ಆಮೇಲೆ ಈ ಹಲಗೆಯಿಂದ ಆ ಹಲಗೆಗೆ ದಾರ ಎಳೆದು, ದಾರದಿಂದ ಕೆಳಗೆ ನೆಲಕ್ಕೆ ಟೇಪ್ ಹಿಡಿದು ಹತ್ತು ಕಡೆನಾದ್ರೂ ಅಳೀರಿ, ಎಲ್ಲಾ ಕಡೆ 5 ಇಂಚು ಬರ್ಬೇಕು. ಹತ್ತು ನಿಮಿಷದ ಕೆಲಸ ಇದು, ಮೊದಲನೇ ಸಲ ನಾವು ಮಾಡಿರ್ಲಿಲ್ಲ.

ಮನೆ ಗೋಡೆಗೆ, ಕಂಬಕ್ಕೆ, ಚೇಂಬರ್ ಸುತ್ತ ಅರ್ಧ ಇಂಚು ಥರ್ಮಾಕೋಲ್ ಪಟ್ಟಿ ಇಡಿ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗತ್ತೆ, ರಾತ್ರಿ ಕುಗ್ಗತ್ತೆ, ಗೋಡೆಗೆ ಕಚ್ಚಿಸಿಬಿಟ್ರೆ ಎಲ್ಲೋ ಒಂದು ಕಡೆ ಬಿರುಕು ಬಿಟ್ಟೇ ಬಿಡತ್ತೆ.

ಕಂಬಿ 8 ಎಂಎಂ, ಎರಡೂ ಕಡೆ 8 ಇಂಚಿಗೊಂದು. ನಮ್ಮ ಅಳತೆಗೆ 12 ಮೀಟರಿನ ರಾಡು ಸುಮಾರು 20, ತೂಕ 90 ಕೆಜಿ ಆಸುಪಾಸು ಬಂತು. ತೂಕದ ಲೆಕ್ಕ ಗೊತ್ತಿಲ್ಲದವರಿಗೆ, ಎಂಎಂ ಅನ್ನ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದ್ರೆ ಒಂದು ಮೀಟರಿಗೆ ಎಷ್ಟು ಕೆಜಿ ಅಂತ ಬರತ್ತೆ, 8 ಎಂಎಂ ಅಂದ್ರೆ 0.395. ಅಂಗಡೀಲಿ ತೂಕ ಹಾಕೋವಾಗ ಇದು ಗೊತ್ತಿದ್ರೆ ಒಳ್ಳೇದು. ಈ ಕಂಬಿ ಬಿರುಕು ಬರದೇ ಇರೋ ಹಾಗೆ ತಡೆಯಲ್ಲ, ಬಂದ ಬಿರುಕು ಬಾಯಿ ಬಿಡದ ಹಾಗೆ ಹಿಡ್ಕೊಳತ್ತೆ, ಅದಕ್ಕೇ ಅದು ಮೇಲ್ಗಡೆ ಇರ್ಬೇಕು, ಮೇಲಿಂದ ಎರಡು ಇಂಚಿನ ಆಸುಪಾಸು. "ಕಾಂಕ್ರೀಟ್ ಹಾಕ್ತಾ ಹಾಕ್ತಾ ಕೈಯಲ್ಲಿ ಎತ್ಕೊಂಡು ಹೋಗ್ತೀವಿ ಸಾರ್" ಅಂತಾರೆ, ಯಾರೂ ಎತ್ತಲ್ಲ, ಎತ್ತಿದ್ರೂ ಮುಂದಿನ ಬಾಂಡ್ಲಿ ಬಿದ್ದಾಗ ತಿರ್ಗಾ ಕೂರತ್ತೆ. ಎರಡೂವರೆ ಇಂಚಿನ ಕವರ್ ಬ್ಲಾಕ್ (ಕಂಬಿ ಕೆಳಗೆ ಇಡೋ ಕಾಂಕ್ರೀಟ್ ತುಂಡು) ಮೂರು ಅಡಿಗೊಂದು ಇಟ್ಟು ಅದರ ಮೇಲೇ ಕಂಬಿ ಕೂರಿಸಿ. ಇಟ್ಟಿಗೆ ಚೂರು ಬೇಡ, ನೀರು ಕುಡಿಯತ್ತೆ.

ಜಾಯಿಂಟ್ ಎಲ್ಲಿ ಬರತ್ತೆ ಅಂತ ಈಗಲೇ ಗುರುತು ಮಾಡಿ. 20 ಅಡಿ ಒಂದೇ ತುಂಡಾಗಿ ಬಿಟ್ರೆ ಮಧ್ಯ ಎಲ್ಲೋ ಅದೇ ಸೀಳ್ಕೊಳತ್ತೆ, ಅಡ್ಡಾದಿಡ್ಡಿ. ಅದಕ್ಕೆ 10 ಅಡಿಗೆ ನಾವೇ ಒಂದು ನೇರ ಗೀರು ಕೊಡೋದು, ಸೀಳೋದಿದ್ರೆ ಅಲ್ಲೇ ಸೀಳ್ಲಿ ಅಂತ. ಆ ಗೆರೆ ಮೇಲೆ ಒಂದು ಬಿಟ್ಟು ಒಂದು ಕಂಬಿ ಕತ್ತರಿಸಿ, ಇಲ್ಲಾಂದ್ರೆ ಕಂಬಿ ಎರಡೂ ಕಡೆ ಗಟ್ಟಿಯಾಗಿ ಹಿಡ್ಕೊಂಡು ಜಾಯಿಂಟ್ ಕೆಲಸ ಮಾಡಲ್ಲ.

ಸಾಮಾನು

1:1.5:3, ಅಂದ್ರೆ ಎಂ20 ಅನ್ನೋ ದರ್ಜೆಯ ಕಾಂಕ್ರೀಟ್. ಸಿಮೆಂಟ್ ಒಂದು, ಮರಳು ಒಂದೂವರೆ, ಜಲ್ಲಿ ಮೂರು. ನೂರು ಘನ ಅಡಿಗೆ ಸಿಮೆಂಟ್ 23 ಮೂಟೆ, ಎಂ ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) 42 ಘನ ಅಡಿ ಅಂದ್ರೆ ಎರಡು ಟನ್ ಹತ್ರ, 20 ಎಂಎಂ ಜಲ್ಲಿ 84 ಘನ ಅಡಿ ಅಂದ್ರೆ ಮೂರೂವರೆ ಟನ್. ಗೇಟ್ ಹತ್ರ ದಪ್ಪ ಮಾಡಿದ್ದಕ್ಕೆ, ಚೆಲ್ಲಿ ಹೋಗೋದಕ್ಕೆ ಸೇರಿಸಿ ನಾವು 26 ಮೂಟೆ ತರಿಸಿದ್ವಿ. ಮಧ್ಯದಲ್ಲಿ ಸಿಮೆಂಟ್ ಮುಗಿದು ಅಂಗಡಿಗೆ ಓಡೋದಿದ್ಯಲ್ಲ, ಅಷ್ಟೊತ್ತಿಗೆ ಹಾಕಿದ ಅಂಚು ಗಟ್ಟಿಯಾಗಿರತ್ತೆ, ಅಲ್ಲೊಂದು ಕೆಟ್ಟ ಜಾಯಿಂಟ್ ಶಾಶ್ವತ.

ಸಿಮೆಂಟ್ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ್ದು) ಆಗ್ಬಹುದು, ಒಪಿಸಿ 43 (ಹಾಗೆ ಬೆರೆಸದ ಮಾಮೂಲಿ ಸಿಮೆಂಟ್) ಆಗ್ಬಹುದು. ಮೂಟೆ ಮೇಲೆ ಯಾವ ವಾರ ತಯಾರಾಗಿದ್ದು ಅಂತ ಅಚ್ಚು ಹಾಕಿರ್ತಾರೆ, ನೋಡಿ ತಗೊಳಿ, ಮೂರು ತಿಂಗಳು ದಾಟಿದ್ದು ಬೇಡ. ಮರಳಲ್ಲಿ ಪಿ ಸ್ಯಾಂಡ್ ಪ್ಲಾಸ್ಟರ್‌ಗೆ, ಕಾಂಕ್ರೀಟ್‌ಗೆ ಎಂ ಸ್ಯಾಂಡೇ ಬೇಕು, ಕ್ರಷರ್ ಡಸ್ಟ್ ಅನ್ನೇ ಎಂ ಸ್ಯಾಂಡ್ ಅಂತ ಇಳಿಸಿ ಹೋಗೋರೂ ಇದಾರೆ, ಅಂಗೈಲಿ ಉಜ್ಜಿ ನೋಡಿ, ಹಿಟ್ಟಿನ ಥರ ಧೂಳು ಅಂಟ್ಕೊಂಡ್ರೆ ವಾಪಸ್ ಕಳ್ಸಿ.

ರೆಡಿಮಿಕ್ಸ್ ತರಿಸೋಣ ಅಂತ ನಾನೂ ಕೇಳಿದ್ದೆ. ನಮಗೆ ಬೇಕಿದ್ದು ಮೂರು ಘನ ಮೀಟರ್ ಒಳಗೆ, ಲಾರಿ ಒಂದ್ಸಲಕ್ಕೆ ಅದರ ಎರಡರಷ್ಟು ಹೊರತ್ತೆ, ಊರಿಗೆ ಬರೋಕೆ ದೂರ ಬೇರೆ, ಆಗ್ಲಿಲ್ಲ. ಅಕ್ಕಪಕ್ಕದವರು ಮೂರ್ನಾಲ್ಕು ಮನೆ ಸೇರಿ ಮಾಡಿದ್ರೆ ಲೆಕ್ಕ ಕೂರಬಹುದು.

ಕಲಸೋ ದಿನ

ಚಳಿಗಾಲ ಒಳ್ಳೇದು. ಬೇಸಿಗೇಲಿ ಮಾಡಲೇಬೇಕು ಅಂದ್ರೆ ಬೆಳಗ್ಗೆ ಆರಕ್ಕೇ ಶುರು ಮಾಡಿ ಹತ್ತು ಗಂಟೆ ಒಳಗೆ ಮುಗಿಸೋ ಹಂಗಿರಿ. ಒಂದು ಮೂಟೆ ಮಿಕ್ಸರ್ ಬಾಡಿಗೆಗೆ ತನ್ನಿ, ನೆಲದ ಮೇಲೆ ಸಲಿಕೇಲಿ ಕಲಸಿ ಇಷ್ಟು ಹಾಕೋಕೆ ಹೋದ್ರೆ ಕೊನೆ ಮೂಟೆ ಹೊತ್ತಿಗೆ ಯಾರ ಕೈಯಲ್ಲೂ ಶಕ್ತಿ ಇರಲ್ಲ, ಆಗಲೇ ನೀರು ಜಾಸ್ತಿ ಬೀಳೋದು. ಏಳೆಂಟು ಜನ ಬೇಕು. ಎಲ್ಲರಿಗೂ ಗಂಬೂಟು, ಕೈಗೆ ಗ್ಲೌಸ್. ಹಸಿ ಸಿಮೆಂಟ್ ಚರ್ಮ ತಿನ್ನತ್ತೆ, ಆವಾಗ ಗೊತ್ತಾಗಲ್ಲ, ರಾತ್ರಿ ಬೆರಳ ಸಂದಿಯೆಲ್ಲ ಉರಿ. ನಮ್ಮ ಭಾಮೈದ ಬರಿಗಾಲಲ್ಲಿ ನಿಂತು ಒಂದು ವಾರ ಚಪ್ಪಲಿ ಹಾಕೋಕಾಗ್ಲಿಲ್ಲ.

ಅಳತೆಗೆ ಬಾಂಡ್ಲಿ ಲೆಕ್ಕ ಬಿಟ್ಟುಬಿಡಿ. ಒಬ್ಬ ತುಂಬಿ ತರ್ತಾನೆ, ಇನ್ನೊಬ್ಬ ಅರ್ಧ ತರ್ತಾನೆ. 40 ಸೆಂಟಿಮೀಟರ್ ಉದ್ದ, 35 ಅಗಲ, 25 ಎತ್ತರದ ಒಂದು ಪೆಟ್ಟಿಗೆ ಮಾಡ್ಸಿ, ಅದು 35 ಲೀಟರ್, ಒಂದು ಮೂಟೆ ಸಿಮೆಂಟಿನ ಅಳತೆಯೂ ಅಷ್ಟೇ. ಒಂದು ಮೂಟೆಗೆ ಮರಳು ಒಂದೂವರೆ ಪೆಟ್ಟಿಗೆ, ಜಲ್ಲಿ ಮೂರು ಪೆಟ್ಟಿಗೆ, ಮೇಲೆ ಗೋಪುರ ಬೇಡ, ಹಲಗೆಯಲ್ಲಿ ಸವರಿ.

ಈಗ ನೀರು. ಎಂ20ಗೆ ಒಂದು ಮೂಟೆಗೆ ಹೆಚ್ಚಂದ್ರೆ 30 ಲೀಟರ್, ಇದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರಲ್ಲೇ ಇರೋ ಲೆಕ್ಕ. ಮರಳು ಒದ್ದೆ ಇದ್ರೆ ಅದರಲ್ಲೂ ನೀರಿದೆ, ಎರಡು ಮೂರು ಲೀಟರ್ ಕಮ್ಮಿ ಮಾಡಿ. ಮೊದಲನೇ ಸಲ ನಮ್ಮಲ್ಲಿ ಪೈಪ್ ಹಿಡಿದು ಬಿಟ್ಟಿದ್ರು, ಎಷ್ಟು ಬಿತ್ತೋ ದೇವರಿಗೇ ಗೊತ್ತು. ಎರಡನೇ ಸಲ ನಾನು 15 ಲೀಟರಿನ ಎರಡು ಬಕೆಟ್ ಇಟ್ಕೊಂಡು ಮಿಕ್ಸರ್ ಪಕ್ಕದಲ್ಲೇ ಕೂತ್ಕೊಂಡೆ. ಮೇಸ್ತ್ರಿಗೆ ಕೋಪ.

"ಗಟ್ಟಿ ಆಯ್ತು ಸಾರ್, ಎಳೆಯೋಕೆ ಬರಲ್ಲ, ಇನ್ನೊಂದು ಚೊಂಬು ಬಿಡಿ."

"ಚೊಂಬು ಬಿಡಲ್ಲ, ಇನ್ನೊಬ್ಬ ಆಳು ಕರ್ಸ್ತೀನಿ ಎಳೆಯೋಕೆ."

"ನೀರು ಕಮ್ಮಿ ಆದ್ರೆ ಫಿನಿಶಿಂಗ್ ಬರಲ್ಲ ಆಮೇಲೆ ನನ್ ಕೇಳ್ಬೇಡಿ."

ಕೇಳಲ್ಲ ಅಂತ ಹೇಳಿ ಇನ್ನಿಬ್ಬರಿಗೆ ಕೂಲಿ ಕೊಟ್ಟೆ. ಅವರದ್ದೂ ತಪ್ಪಲ್ಲ, ನೀರು ಜಾಸ್ತಿ ಇದ್ರೆ ಕೆಲಸ ಬೇಗ ಸಾಗತ್ತೆ, ಬೆನ್ನು ಅವರದ್ದು ನೋಯೋದು. ಆದ್ರೆ ಸಿಮೆಂಟ್ ಗಟ್ಟಿಯಾಗೋಕೆ ಎಷ್ಟು ಬೇಕೋ ಅಷ್ಟೇ ನೀರು ತಗೊಳತ್ತೆ, ಮಿಕ್ಕಿದ್ದು ಮೇಲೆ ಬಂದು ಆರಿ ಹೋಗತ್ತೆ, ಹೋದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯತ್ತೆ, ಮೇಲಿನ ಪದರ ಪುಡಿ ಏಳತ್ತೆ. ಅಮ್ಮನ ರಾಗಿಗೆ ಸೇರ್ತಿದ್ದ ಧೂಳು ಅದೇ. ಹದ ಹೇಗಿರ್ಬೇಕು ಅಂದ್ರೆ ಮುದ್ದೆಗಿಂತ ಒಂಚೂರು ಸಡಿಲ, ಅಂಬಲಿ ಆಗ್ಬಾರ್ದು. ಬಾಂಡ್ಲಿಯಿಂದ ಸುರಿದಾಗ ಗುಡ್ಡೆಯಾಗಿ ನಿಂತು ಮೆಲ್ಲಗೆ ಸ್ವಲ್ಪ ಕೂತ್ರೆ ಸರಿ, ಹರಿದು ಹೋದ್ರೆ ಕೆಟ್ತು ಅಂತಲೇ. ನಿಜವಾಗ್ಲೂ ಕಷ್ಟ ಆಗ್ತಿದ್ರೆ ಹಾರ್ಡ್‌ವೇರ್ ಅಂಗಡೀಲಿ ಕಾಂಕ್ರೀಟ್ ಪ್ಲಾಸ್ಟಿಸೈಸರ್ ಸಿಗತ್ತೆ, ಡಬ್ಬದ ಮೇಲೆ ಬರೆದಷ್ಟೇ ಹಾಕಿ, ಜಾಸ್ತಿ ನೀರಿಲ್ಲದೇ ಸಡಿಲ ಆಗತ್ತೆ. ಎಲ್ಲಾ ಸಾಮಾನು ಡ್ರಮ್ಮಿಗೆ ಬಿದ್ಮೇಲೆ ಎರಡು ನಿಮಿಷನಾದ್ರೂ ತಿರುಗಲಿ.

ಸುರಿಯೋಕೆ ಮುಂಚೆ ಕೆಳಗಿನ ಜಲ್ಲಿಗೆ ಚೆನ್ನಾಗಿ ನೀರು ಹೊಡೀರಿ, ಆದ್ರೆ ಗುಂಡಿಲಿ ನಿಂತಿರ್ಬಾರ್ದು. ಒಣ ನೆಲ ಕಾಂಕ್ರೀಟಿನ ನೀರನ್ನ ಕೆಳಗಿಂದ ಹೀರ್ಕೊಳತ್ತೆ. ಮೂಲೆಯಿಂದ ಶುರು ಮಾಡಿ, ಹಿಂದಿನದಕ್ಕೆ ಒತ್ತಿ ಹಾಕ್ತಾ ಬನ್ನಿ. ನೀಡಲ್ ವೈಬ್ರೇಟರ್ (ಕಾಂಕ್ರೀಟ್ ಒಳಗೆ ಇಳಿಸಿ ನಡುಗಿಸೋ ಯಂತ್ರ) ಇದ್ರೆ ಒಂದು ಕಡೆ ಐದಾರು ಸೆಕೆಂಡ್ ಇಟ್ಟು ತೆಗೀರಿ, ಅದನ್ನೇ ಎಳೆದಾಡಿ ಕಾಂಕ್ರೀಟ್ ತಳ್ಳೋಕೆ ಹೋದ್ರೆ ಜಲ್ಲಿ ಒಂದು ಕಡೆ, ಸಿಮೆಂಟ್ ಹಾಲು ಒಂದು ಕಡೆ ಆಗತ್ತೆ. ಇಲ್ಲಾಂದ್ರೆ ಒಂದು ಕಂಬೀಲಿ ಚುಚ್ಚಿ ಚುಚ್ಚಿ ಗಾಳಿ ತೆಗೀಬೇಕು, ಹಲಗೆ ಅಂಚಲ್ಲಿ ಜಾಸ್ತಿ. ಆಮೇಲೆ ಇಬ್ಬರು ಎರಡು ಕಡೆ ಹಿಡಿದು ಮಟ್ಟಗೋಲನ್ನ ಗರಗಸದ ಥರ ಆಡಿಸ್ತಾ ಎಳೀಬೇಕು, ತಗ್ಗಿದ್ದ ಕಡೆ ಕಾಂಕ್ರೀಟೇ ತುಂಬಿ, ಬರೀ ಗಾರೆ ಸವರಿ ಮುಚ್ಚೋದು ಬೇಡ.

ಎಳೆದ ಮೇಲೆ ಸುಮ್ನೆ ಕೂತ್ಕೊಳಿ. ಇದೇ ಕಷ್ಟದ ಭಾಗ, ಯಾರಿಗೂ ತಾಳ್ಮೆ ಇರಲ್ಲ. ಮೇಲೆ ನೀರು ಬರತ್ತೆ, ಹೊಳೆಯತ್ತೆ, ಅದು ತಾನಾಗೇ ಆರೋವರೆಗೂ ಕರಣೆ ಮುಟ್ಟಿಸ್ಬೇಡಿ. ಆ ನೀರು ಹೀರ್ಕೊಳ್ಳಲಿ ಅಂತ ಮೇಲೆ ಒಣ ಸಿಮೆಂಟ್ ಎರಚಿ ಉಜ್ತಾರೆ ನೋಡಿ, ಆವತ್ತಿಗೆ ಕನ್ನಡಿ ಥರ ಕಾಣತ್ತೆ, ವರ್ಷದೊಳಗೆ ಹಪ್ಪಳದ ಥರ ಎದ್ದು ಬರತ್ತೆ. ಬೂಟ್ ಕಾಲಿಟ್ರೆ ಕಾಲಿಂಚು ಮಾತ್ರ ಒತ್ತಿದ ಗುರುತು ಬಂದಾಗ ಮರದ ಮಣೇಲಿ ಉಜ್ಜಿ, ಆಮೇಲೆ ತೆಂಗಿನ ಕಡ್ಡಿ ಪೊರಕೇನ ಇಳಿಜಾರಿಗೆ ಅಡ್ಡಲಾಗಿ ಒಂದೇ ದಿಕ್ಕಲ್ಲಿ ಮೆಲ್ಲಗೆ ಎಳೀರಿ. ಆ ಗೀರು ಇದ್ರೆ ಮಳೆಗಾಲದಲ್ಲಿ ಪಾಚಿ ಕಟ್ಟಿದ್ರೂ ಜಾರೋದು ಕಮ್ಮಿ. ಮಲೆನಾಡು, ಕರಾವಳಿಯವರಂತೂ ನುಣ್ಣಗೆ ಮಾಡೋ ಆಸೆ ಬಿಟ್ಟೇಬಿಡಿ. ಕಾಳು ಒಣಗಿಸೋಕೆ ನುಣುಪು ಬೇಕು ಅಂತ ಅಮ್ಮ ಹಟ ಹಿಡಿದ್ರು, ಒಂದು ಮೂಲೇಲಿ ಆರಡಿ ಜಾಗ ಮಾತ್ರ ಕರಣೆ ಹೊಡೆದು ಕೊಟ್ಟೆ, ರಾಜಿ ಆಯ್ತು.

ಜಾಯಿಂಟ್ ಗೀರನ್ನ ಹಸಿ ಇರುವಾಗಲೇ ಕರಣೆ ಅಂಚಲ್ಲಿ ಹಾಕ್ಬಹುದು, ಅಥವಾ ಮಾರನೇ ದಿನ ಬೆಳಗ್ಗೆ ಕಟರ್‌ನಲ್ಲಿ ಕತ್ತರಿಸ್ಬಹುದು. ಆಳ ದಪ್ಪದ ಕಾಲು ಭಾಗ, ನಮ್ಮದಕ್ಕೆ ಒಂದೂಕಾಲು ಇಂಚು. ನಾಳೆ ನಾಡಿದ್ದು ಅಂತ ಮುಂದಕ್ಕೆ ಹಾಕಿದ್ರೆ ಅದೇ ಎಲ್ಲೋ ಸೀಳ್ಕೊಂಡಿರತ್ತೆ.

ನೀರು ಕುಡಿಸೋದು

ಹಾಕಿದ ದಿನ ಬಿಸಿಲು, ಗಾಳಿ ಇದ್ರೆ ಪೊರಕೆ ಎಳೆದು ಮೇಲ್ಮೈ ಸ್ವಲ್ಪ ಬಿಗಿಯಾದ ಕೂಡ್ಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲಿಡಿ. ಮೊದಲ ಕೆಲವು ಗಂಟೇಲಿ ಒಣಗಿದ್ರೆ ಮೇಲೆ ಜೇಡರ ಬಲೆ ಥರ ಬಿರುಕು ಬರತ್ತೆ. ಟಾರ್ಪಾಲ್ ಕೈಗೆ ಸಿಗೋ ಹಂಗೆ ಇಟ್ಕೊಳಿ, ಮಳೆ ಹೇಳಿ ಕೇಳಿ ಬರಲ್ಲ.

ಮಾರನೇ ದಿನ ಅಂಚಲ್ಲೂ ಮಧ್ಯದಲ್ಲೂ ತೆಳ್ಳಗೆ ಗಾರೆ ಕಟ್ಟೆ ಕಟ್ಟಿ ಪಾತಿ ಮಾಡಿ ನೀರು ನಿಲ್ಲಿಸಿ. ಇಳಿಜಾರಿರೋದ್ರಿಂದ ಪಾತಿ ಚಿಕ್ಕ ಚಿಕ್ಕದಾಗಿರ್ಬೇಕು, ಇಲ್ಲಾಂದ್ರೆ ಒಂದು ಕಡೆ ಕೆರೆ, ಇನ್ನೊಂದು ಕಡೆ ಬರ. ಅದಾಗಲ್ಲ ಅಂದ್ರೆ ಗೋಣಿಚೀಲ ಹಾಸಿ ಯಾವಾಗ್ಲೂ ಒದ್ದೆ ಇರೋ ಹಂಗೆ ನೋಡ್ಕೊಳಿ. ಬೆಳಗ್ಗೆ ಸಂಜೆ ಪೈಪಲ್ಲಿ ಒಂದೊಂದ್ಸಲ ಹೊಡೆಯೋದು ಕ್ಯೂರಿಂಗ್ ಅಲ್ಲ, ಅರ್ಧ ಗಂಟೇಲಿ ಒಣಗಿರತ್ತೆ, ಮೊದಲನೇ ಸಲ ನಾವು ಮಾಡಿದ್ದು ಅದನ್ನೇ, ಅದೂ ಮೂರೇ ದಿನ. ಒಪಿಸಿಗೆ ಕಮ್ಮಿ ಅಂದ್ರೂ 7 ದಿನ, ಪಿಪಿಸಿ ಆದ್ರೆ ಅಥವಾ ಬಿಸಿಲು ಜಾಸ್ತಿ ಇದ್ರೆ 10 ದಿನ. ನಾವು 14 ದಿನ ನಿಲ್ಲಿಸಿದ್ವಿ, ಬೋರಲ್ಲಿ ನೀರಿತ್ತು.

ಒಂದು ದಿನ ಆದ್ಮೇಲೆ ಮೆಲ್ಲಗೆ ಓಡಾಡಬಹುದು, ಸುತ್ತಲಿನ ಹಲಗೆ ಎರಡು ದಿನಕ್ಕೆ ಬಿಚ್ಚಬಹುದು. 7 ದಿನಕ್ಕೆ ಸುಮಾರು ಮೂರನೇ ಎರಡು ಪಾಲು ಶಕ್ತಿ ಬಂದಿರತ್ತೆ, ಕಾರನ್ನ ಎರಡು ವಾರ ರಸ್ತೆಯಲ್ಲೇ ನಿಲ್ಸಿದ್ರೆ ಒಳ್ಳೇದು. ಜಲ್ಲಿ ಲಾರಿ, ಟ್ರಾಕ್ಟರ್ ಅಂಥ ಭಾರದ್ದೇನಿದ್ರೂ 28 ದಿನ ಆಗ್ಲಿ. ಹಲಗೆ ಬಿಚ್ಚಿದ ಅಂಚಿಗೆ ಮಣ್ಣು ತುಂಬಿ ದಿಮ್ಮಸು ಹಾಕಿ, ಮಳೆ ನೀರು ಅಲ್ಲಿಂದಲೇ ಅಡಿಗೆ ನುಗ್ಗೋದು.

ಒಂದು ತಿಂಗಳಾದ್ಮೇಲೆ ಜಾಯಿಂಟ್ ಗೀರಿನ ಧೂಳೆಲ್ಲ ಊದಿ ತೆಗೆದು ಪಾಲಿಯುರೆಥೇನ್ ಸೀಲೆಂಟ್ ತುಂಬಿಸಿ, ಗೋಡೆ ಪಕ್ಕದ ಥರ್ಮಾಕೋಲನ್ನೂ ಮೇಲಿಂದ ಅರ್ಧ ಇಂಚು ಕೆರೆದು ಅದನ್ನೇ ತುಂಬಿ. ಗೀರಿನ ಒಳಗೆ ಕೂದಲೆಳೆಯಷ್ಟು ಬಿರುಕು ಕಂಡ್ರೆ ಗಾಬರಿ ಬೇಡ, ಅದು ಅಲ್ಲೇ ಬರ್ಲಿ ಅಂತ ತಾನೇ ಗೀರಿದ್ದು. ನಮ್ಮ ಮೇಸ್ತ್ರಿ ಆಮೇಲೆ ಒಂದಿನ ಬಂದಿದ್ರು, ಗೇಟ್ ಹತ್ರ ನಿಂತು ಕಾಲಲ್ಲಿ ಒತ್ತಿ ನೋಡಿ, ಪರವಾಗಿಲ್ಲ ಸಾರ್ ಅಂದ್ರು, ನೀರಿನ ಮಾತು ಎತ್ತಲಿಲ್ಲ.